ರಟ್ಗರ್ಸ್‌ಗಿಂತ ಕಡಿಮೆ ಖರ್ಚಿನಲ್ಲಿ: ಮಗಳಿಗಾಗಿ ಮೆರಿಟ್ ಸ್ಕಾಲರ್‌ಶಿಪ್ ಇರುವ ಕಾಲೇಜು ಹುಡುಕಿದ ಬಗೆ

ನ್ಯೂಜೆರ್ಸಿಯಲ್ಲಿ ನೆಲೆಸಿರುವ ನಮ್ಮಂತಹ ಎರಡು ಸಂಬಳದ ಕುಟುಂಬಗಳು ಮಕ್ಕಳ ಕಾಲೇಜಿನ ವಿಷಯ ಬಂದಾಗ ಎರಡೂ ಕಡೆಯಿಂದ ಹೊರಗುಳಿಯುತ್ತವೆ. ವರಮಾನ ನೋಡಿ ಕೊಡುವ ನೆರವಿನ ಲೆಕ್ಕದಲ್ಲಿ ನಾವು ಅನುಕೂಲಸ್ಥರು. ಪೂರ್ತಿ ಶುಲ್ಕವನ್ನು ಕೈಯಿಂದ ಕಟ್ಟುವ ಲೆಕ್ಕದಲ್ಲಿ ಅಲ್ಲ. ನಮ್ಮ ಮನೆಗೆ ಹೆಚ್ಚು ದೂರವಿಲ್ಲದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವು ವರ್ಷಕ್ಕೆ 1 ಲಕ್ಷ ಡಾಲರ್‌ವರೆಗಿನ ವರಮಾನವಿರುವ ಬಹುತೇಕ ಕುಟುಂಬಗಳಿಂದ ಏನನ್ನೂ ತೆಗೆದುಕೊಳ್ಳದಿರುವ ನಿಯಮವನ್ನು 2023ರಲ್ಲಿ ಜಾರಿಗೆ ತಂದಿತು. ಮೆಚ್ಚತಕ್ಕ ನಿಯಮವೇ, ಆದರೆ ನಮ್ಮ ವರಮಾನ ಆ ಗೆರೆಗಿಂತ ಸಾಕಷ್ಟು ಮೇಲಿತ್ತು. ಹಾಗೆಂದು ಮನೆಯ ಸಾಲ, ಮಗಳಿಗಿಂತ ಎರಡು ವರ್ಷ ಚಿಕ್ಕವನಾದ ಮಗನ ಓದು, ಮೈಸೂರಿನಲ್ಲಿರುವ ಅತ್ತೆ ಮಾವನವರ ಔಷಧೋಪಚಾರ ಇವೆಲ್ಲವನ್ನೂ ನಿಭಾಯಿಸಿ ಉಳಿಯುವ ಹಣದಲ್ಲಿ, 2024-25ರ ವೇಳೆಗೆ ಹಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ 90 ಸಾವಿರ ಡಾಲರ್ ದಾಟಿದ್ದ ವಾರ್ಷಿಕ ವೆಚ್ಚವನ್ನು ಭರಿಸುವ ಮಾತೇ ಇರಲಿಲ್ಲ.

ಮಗಳು 2025ರಲ್ಲಿ ಹೈಸ್ಕೂಲು, ಅಂದರೆ ಇಲ್ಲಿನ ಹನ್ನೆರಡನೆಯ ತರಗತಿ, ಮುಗಿಸುವವಳಿದ್ದಳು. ಅವಳಿಗೆ ಪರಿಸರ ಇಂಜಿನಿಯರಿಂಗ್ ಓದಬೇಕೆಂಬ ಆಸೆ. ಚಿಕ್ಕವಳಿದ್ದಾಗ ಬೆಂಗಳೂರಿಗೆ ಹೋದಾಗ ಬೆಳ್ಳಂದೂರು ಕೆರೆಯ ನೊರೆ ಗಾಳಿಗೆ ಹಾರಿ ರಸ್ತೆಗೆ ಬಂದು ಸ್ಕೂಟರಿನವರ ಮೈಮೇಲೆ ಕೂರುತ್ತಿದ್ದುದನ್ನು ಕಂಡಿದ್ದಳು. ನೀರು ಹಾಗೇಕೆ ಆಗುತ್ತದೆ ಎಂಬ ಪ್ರಶ್ನೆ ಅವಳನ್ನು ಬಿಡಲಿಲ್ಲ. ಹತ್ತನೆಯ ತರಗತಿಯ ಕೊನೆಯಲ್ಲಿ ನಾವು ಅವಳನ್ನು ಕೂರಿಸಿಕೊಂಡು ಹಣದ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿದೆವು. ನ್ಯೂಜೆರ್ಸಿಯ ನಿವಾಸಿಗಳಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವಾದ ರಟ್ಗರ್ಸ್‌ನಲ್ಲಿ ಶುಲ್ಕ, ವಸತಿ, ಊಟ ಎಲ್ಲ ಸೇರಿ ವರ್ಷಕ್ಕೆ ಸುಮಾರು 35 ಸಾವಿರ ಡಾಲರ್ ಆಗುತ್ತದೆ. ಅದೇ ನಮ್ಮ ಮೇಲ್ಮಿತಿ. ಬೇರೆ ಯಾವ ಕಾಲೇಜಾದರೂ ಸರಿ, ಎಷ್ಟು ದೂರವಾದರೂ ಸರಿ, ಸ್ಕಾಲರ್‌ಶಿಪ್ ಕಳೆದ ಮೇಲೆ ಆ ಮೊತ್ತದೊಳಗೆ ಬರಬೇಕು. ಪರಿಚಿತರಲ್ಲಿ ಅನೇಕರು ಈ ಮಾತನ್ನು ಏಪ್ರಿಲ್‌ವರೆಗೆ ಮುಂದೂಡಿ, ಪ್ರವೇಶ ಪತ್ರ ಕೈಗೆ ಬಂದ ಮೇಲೆ ಮಕ್ಕಳಿಗೆ ‘ಇದು ನಮ್ಮಿಂದಾಗದು’ ಎನ್ನುವುದನ್ನು ನೋಡಿದ್ದೆವು. ಹದಿನೇಳರ ವಯಸ್ಸಿನ ಮಗುವಿಗೆ ಅದಕ್ಕಿಂತ ಕ್ರೂರವಾದದ್ದು ಬೇರೆ ಇಲ್ಲವೆಂಬುದು ನನ್ನ ಅಭಿಪ್ರಾಯ. ಮಗಳು ಒಂದೇ ಒಂದು ಷರತ್ತು ಹಾಕಿದಳು: ಆ ಮಿತಿಯೊಳಗೆ ಬರುವ ಕಾಲೇಜು ಸಿಕ್ಕಿದರೆ, ಅದು ಎಷ್ಟೇ ದೂರದ್ದಾದರೂ ನಾವು ಬೇಡವೆನ್ನಬಾರದು.

ಕರ್ನಾಟಕದಲ್ಲಿ ಸಿಇಟಿ ಬರೆದು ಸೀಟು ಪಡೆದ ನನಗೂ ನನ್ನ ಪತಿಗೂ ಇಲ್ಲಿನ ಪದ್ಧತಿ ತಲೆಗೆ ಹತ್ತಲು ಸಮಯ ಹಿಡಿಯಿತು. ಅಲ್ಲಿ ರ‍್ಯಾಂಕಿಗೆ ತಕ್ಕ ಸೀಟು, ಸೀಟಿನ ವರ್ಗಕ್ಕೆ ತಕ್ಕ ನಿಗದಿತ ಶುಲ್ಕ. ಪಕ್ಕದ ಬೆಂಚಿನವನೂ ಅದೇ ಸರ್ಕಾರಿ ಕೋಟಾದಲ್ಲಿ ಬಂದಿದ್ದರೆ ಅವನೂ ಅಷ್ಟನ್ನೇ ಕಟ್ಟುತ್ತಿದ್ದ. ಇಲ್ಲಿ ಒಂದೇ ಕೊಠಡಿಯಲ್ಲಿ ಮಲಗುವ ಇಬ್ಬರು ಹುಡುಗಿಯರ ತಂದೆತಾಯಿಗಳು ಕಟ್ಟುವ ಮೊತ್ತಗಳ ನಡುವೆ ವರ್ಷಕ್ಕೆ 40 ಸಾವಿರ ಡಾಲರ್ ಅಂತರವಿರುವುದು ಅಸಹಜವೇನಲ್ಲ. ಅದಕ್ಕಿಂತ ಮುಖ್ಯವಾಗಿ, ಮೆರಿಟ್ ಸ್ಕಾಲರ್‌ಶಿಪ್ ಎಂಬುದು ಜಾಣರಿಗೆ ಕೊಡುವ ಬಹುಮಾನವೆಂದು ನಾವು ತಿಳಿದಿದ್ದೆವು, ಆದ್ದರಿಂದ ಅತ್ಯುತ್ತಮ ಕಾಲೇಜುಗಳೇ ಅದನ್ನು ಹೆಚ್ಚು ಕೊಡುತ್ತವೆಂದು ಊಹಿಸುವುದು ಸಹಜವಾಗಿತ್ತು. ವಾಸ್ತವ ತದ್ವಿರುದ್ಧ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಮೊದಲಾದ ಐವಿ ಲೀಗಿನ ಎಂಟೂ ವಿಶ್ವವಿದ್ಯಾಲಯಗಳು ಮತ್ತು ಎಂಐಟಿ ಮೆರಿಟ್ ಆಧಾರದ ಮೇಲೆ ಒಂದು ಡಾಲರನ್ನೂ ಕೊಡುವುದಿಲ್ಲ. ಅವುಗಳ ನೆರವೆಲ್ಲ ವರಮಾನಕ್ಕೆ ಸಂಬಂಧಿಸಿದ್ದು. ಅಲ್ಲಿಗೆ ಅರ್ಜಿ ಹಾಕುವವರೆಲ್ಲ ಜಾಣರೇ ಆಗಿರುವಾಗ ಯಾರನ್ನೂ ಹಣ ಕೊಟ್ಟು ಕರೆಯುವ ಅಗತ್ಯ ಆ ಸಂಸ್ಥೆಗಳಿಗಿಲ್ಲ. ಆ ಅಗತ್ಯ ಇರುವುದು ಅವುಗಳ ಕೆಳಗಿನ ಮೆಟ್ಟಿಲುಗಳಲ್ಲಿ, ತಮ್ಮ ಸರಾಸರಿಗಿಂತ ಮೇಲಿರುವ ವಿದ್ಯಾರ್ಥಿಗಳನ್ನು ಸೆಳೆಯಬೇಕೆಂದು ಸೆಣಸುತ್ತಿರುವ ಸಂಸ್ಥೆಗಳಿಗೆ. ಮೆರಿಟ್ ಹಣ ಎನ್ನುವುದು ಕಾಲೇಜು ತನ್ನ ಅನುಕೂಲಕ್ಕಾಗಿ ಕೊಡುವ ರಿಯಾಯಿತಿ ಎಂಬುದು ಮನದಟ್ಟಾದ ದಿನದಿಂದ ನಮ್ಮ ಹುಡುಕಾಟದ ದಿಕ್ಕೇ ಬದಲಾಯಿತು. ಅರ್ಜಿ ಎಷ್ಟು ಚೆನ್ನಾಗಿ ಬರೆಯುತ್ತೇವೆ ಎನ್ನುವುದಕ್ಕಿಂತ ಎಲ್ಲಿಗೆ ಹಾಕುತ್ತೇವೆ ಎನ್ನುವುದರ ಮೇಲೆ ಹಣದ ಭವಿಷ್ಯ ನಿಂತಿತ್ತು.

ಇದನ್ನು ಪತ್ತೆ ಹಚ್ಚಲು ನೆರವಾದ ದಾಖಲೆಯ ಹೆಸರು ಕಾಮನ್ ಡೇಟಾ ಸೆಟ್. ಹೆಚ್ಚಿನ ವಿಶ್ವವಿದ್ಯಾಲಯಗಳು ಪ್ರತಿವರ್ಷ ಒಂದೇ ನಮೂನೆಯಲ್ಲಿ ತುಂಬಿ ಪ್ರಕಟಿಸುವ ಈ ಪಿಡಿಎಫ್ ಹತ್ತಾರು ಪುಟಗಳ ನೀರಸ ಕೋಷ್ಟಕವೇ ಸರಿ. ಕಾಲೇಜಿನ ಜಾಹೀರಾತು ಪುಸ್ತಿಕೆಯಲ್ಲಿ ನಗುತ್ತಿರುವ ಮಕ್ಕಳ ಚಿತ್ರಗಳಿಗಿಂತ ಸಾವಿರ ಪಾಲು ಉಪಯುಕ್ತ. ನಾವು ನೋಡುತ್ತಿದ್ದದ್ದು ಮುಖ್ಯವಾಗಿ ಮೂರು ಜಾಗಗಳನ್ನು. ಸಿ9 ಎಂಬ ಭಾಗದಲ್ಲಿ ಸೇರಿದ ವಿದ್ಯಾರ್ಥಿಗಳ ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಯ ಅಂಕಗಳ 25 ಮತ್ತು 75ನೆಯ ಪರ್ಸೆಂಟೈಲ್ ಇರುತ್ತದೆ. ಮಗಳ ಅಂಕ ಮೇಲಿನ ಸಂಖ್ಯೆಯನ್ನು ದಾಟಿದ್ದರೆ ಆ ಕಾಲೇಜಿಗೆ ಅವಳು ಬೇಕಾದವಳು. ಸಿ7ರಲ್ಲಿ ಪ್ರವೇಶಕ್ಕೆ ಯಾವುದನ್ನು ಎಷ್ಟು ಪರಿಗಣಿಸುತ್ತಾರೆ ಎಂಬ ಪಟ್ಟಿಯಿದ್ದು, ಅಭ್ಯರ್ಥಿ ತೋರಿಸುವ ಆಸಕ್ತಿಯೂ ಗಣನೆಗೆ ಬರುತ್ತದೆಯೇ ಎಂಬುದನ್ನು ಅಲ್ಲಿಂದ ತಿಳಿಯಬಹುದು. ಬರುತ್ತದೆ ಎಂದಿದ್ದ ಕಡೆ ಮಗಳು ಆನ್‌ಲೈನ್ ಸಭೆಗಳಿಗೆ ಹಾಜರಾಗಿ, ಕಾಲೇಜಿನವರ ಇಮೇಲ್‌ಗಳನ್ನು ತೆರೆದು ಓದುತ್ತಿದ್ದಳು. ಎಲ್ಲಕ್ಕಿಂತ ಮುಖ್ಯವಾದದ್ದು ಎಚ್2ಎ. ವರಮಾನದ ದೃಷ್ಟಿಯಿಂದ ನೆರವಿನ ಅಗತ್ಯವೇ ಇಲ್ಲದ ಎಷ್ಟು ವಿದ್ಯಾರ್ಥಿಗಳಿಗೆ ಕಾಲೇಜು ತನ್ನ ಸ್ವಂತ ಹಣದಿಂದ ಸ್ಕಾಲರ್‌ಶಿಪ್ ಕೊಟ್ಟಿದೆ ಮತ್ತು ಅದರ ಸರಾಸರಿ ಮೊತ್ತವೆಷ್ಟು ಎಂಬುದು ಅಲ್ಲಿ ಇರುತ್ತದೆ. ಅಂದರೆ ನಮ್ಮಂತಹ ಮನೆಗಳ ಮಕ್ಕಳ ಪಾಲಿಗೆ ಏನು ಸಿಕ್ಕಿದೆ ಎಂಬ ನೇರ ಉತ್ತರ.

ಆ ಸಾಲನ್ನು ಓದುವ ಅಭ್ಯಾಸವಾದ ಮೇಲೆ ಒಂದು ಸಂಜೆ ಮಗಳ ಮೆಚ್ಚಿನ ಎರಡು ಖಾಸಗಿ ವಿಶ್ವವಿದ್ಯಾಲಯಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದೆವು. ಎರಡರ ಘೋಷಿತ ವೆಚ್ಚವೂ ಹೆಚ್ಚುಕಡಿಮೆ ಒಂದೇ, ಎರಡೂ ತಮ್ಮ ಜಾಲತಾಣದಲ್ಲಿ ‘ಉದಾರ ಸ್ಕಾಲರ್‌ಶಿಪ್’ ಎಂದು ಬರೆದುಕೊಂಡಿದ್ದವು. ಒಂದರಲ್ಲಿ ಅಗತ್ಯವಿಲ್ಲದ ವಿದ್ಯಾರ್ಥಿಗಳಲ್ಲಿ ಬೆರಳೆಣಿಕೆಯಷ್ಟು ಮಂದಿಗೆ ದೊಡ್ಡ ಮೊತ್ತ; ಇನ್ನೊಂದರಲ್ಲಿ ಅರ್ಧದಷ್ಟು ಮಂದಿಗೆ ಮಧ್ಯಮ ಮೊತ್ತ. ಮೊದಲನೆಯದು ಲಾಟರಿ, ಎರಡನೆಯದು ಬಹುಪಾಲು ಖಾತರಿ. ಮೊದಲನೆಯದರ ಹೆಸರನ್ನು ಮಗಳೇ ಸ್ಪ್ರೆಡ್‌ಶೀಟಿನಲ್ಲಿ ಬೂದು ಬಣ್ಣಕ್ಕೆ ತಿರುಗಿಸಿದಳು. ನಾನು ಅಳಿಸು ಎಂದಿದ್ದರೆ ವಾದ ನಡೆಯುತ್ತಿತ್ತು. ಸಂಖ್ಯೆಯ ಮುಂದೆ ವಾದಕ್ಕೆ ಎಡೆಯಿರಲಿಲ್ಲ.

ಜೊತೆಗೆ ಫೆಡರಲ್ ನೆರವಿನ ಯೋಜನೆಯಲ್ಲಿರುವ ಪ್ರತಿಯೊಂದು ಕಾಲೇಜಿನ ಜಾಲತಾಣದಲ್ಲೂ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರಬೇಕೆಂಬುದು 2011ರಿಂದ ಫೆಡರಲ್ ಕಾನೂನಿನ ಕಡ್ಡಾಯ. ಅದರಲ್ಲಿ ವರಮಾನ, ಉಳಿತಾಯ ಇತ್ಯಾದಿ ತುಂಬಿದರೆ ಅಂದಾಜು ವೆಚ್ಚ ಬರುತ್ತದೆ. ಆದರೆ ಎಲ್ಲ ಕ್ಯಾಲ್ಕುಲೇಟರ್‌ಗಳೂ ಸಮನಲ್ಲ: ಅಂಕಗಳನ್ನೂ ಕೇಳುವಂಥವು ಮೆರಿಟ್ ಹಣವನ್ನು ಸೇರಿಸಿ ಹೇಳುತ್ತವೆ, ಕೇಳದಿರುವಂಥವು ನಮ್ಮಂಥವರಿಗೆ ಪೂರ್ತಿ ಶುಲ್ಕವನ್ನೇ ತೋರಿಸಿ ಸುಮ್ಮನಾಗುತ್ತವೆ.

ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಕೆಲವು ಇನ್ನೂ ಪಾರದರ್ಶಕವಾಗಿವೆ. ಅಲಬಾಮಾ ವಿಶ್ವವಿದ್ಯಾಲಯವು ಹೈಸ್ಕೂಲಿನ ಜಿಪಿಎ (ಎಲ್ಲ ವಿಷಯಗಳ ಸರಾಸರಿ ಶ್ರೇಣಿ) ಮತ್ತು ಎಸ್‌ಎಟಿ ಅಥವಾ ಅದೇ ಬಗೆಯ ಎಸಿಟಿ ಪರೀಕ್ಷೆಯ ಅಂಕಗಳ ಕೋಷ್ಟಕವನ್ನೇ ಪ್ರಕಟಿಸಿ, ಹೊರರಾಜ್ಯದವರಿಗೆ ಯಾವ ಅಂಕಕ್ಕೆ ಎಷ್ಟು ಎಂದು ಮುಂಚಿತವಾಗಿ ಹೇಳುತ್ತದೆ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಅಂಕ ತುಂಬಿದರೆ ಸ್ಕಾಲರ್‌ಶಿಪ್ಪಿನ ಅಂದಾಜು ಕಾಣುತ್ತದೆ. ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಕೆಲವು ಸ್ಕಾಲರ್‌ಶಿಪ್‌ಗಳ ಜೊತೆಗೆ ಹೊರರಾಜ್ಯದವರು ಕಟ್ಟಬೇಕಾದ ಹೆಚ್ಚಿನ ಶುಲ್ಕವೇ ಇಳಿಯುತ್ತದೆ. ಸ್ಕಾಲರ್‌ಶಿಪ್ಪಿನ ಮೊತ್ತ ಚಿಕ್ಕದೆಂದು ಕಂಡರೂ ನಿಜವಾದ ಲಾಭ ಆ ಇಳಿಕೆಯಲ್ಲಿದೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯವು ಅರ್ಜಿಗಳನ್ನು ಬಂದ ಹಾಗೆ ಪರಿಶೀಲಿಸಿ ಉತ್ತರಿಸುವುದರಿಂದ ಆಗಸ್ಟಿನಲ್ಲಿ ಅರ್ಜಿ ಹಾಕಿದವರಿಗೆ ಶರತ್ಕಾಲದಲ್ಲೇ ಫಲಿತಾಂಶ ಸಿಗುತ್ತದೆ. ಕ್ಯಾಂಪಸ್ ನೋಡಲು ಹೋದ ನೆಪದಲ್ಲಿ ಪೆನ್ ಹಿಲ್ಸ್‌ನ ವೆಂಕಟೇಶ್ವರನ ದರ್ಶನವನ್ನೂ ಮಾಡಿ, ಅಲ್ಲಿನ ಪುಳಿಯೋಗರೆ ತಿಂದು ಬಂದೆವು. ಹಿರಿಯರ ಬಾಯಲ್ಲಿ ಆ ಊರಿನ ಹೆಸರು ಇವತ್ತಿಗೂ ಆ ದೇವಸ್ಥಾನದಿಂದಲೇ ಗುರುತು.

ಇನ್ನು ನ್ಯಾಷನಲ್ ಮೆರಿಟ್ ಎಂಬ ರಾಷ್ಟ್ರಮಟ್ಟದ ಸ್ಕಾಲರ್‌ಶಿಪ್ ಸ್ಪರ್ಧೆ. ಹನ್ನೊಂದನೆಯ ತರಗತಿಯ ಅಕ್ಟೋಬರ್‌ನಲ್ಲಿ ಬರೆಯುವ ಪಿಎಸ್‌ಎಟಿ ಪರೀಕ್ಷೆಯ ಅಂಕದಿಂದ ಗರಿಷ್ಠ 228ರ ಒಂದು ಸೂಚ್ಯಂಕ ತೆಗೆದು, ಪ್ರತಿ ರಾಜ್ಯಕ್ಕೂ ಬೇರೆ ಬೇರೆ ಗೆರೆ ಎಳೆದು ಸುಮಾರು 16 ಸಾವಿರ ಮಂದಿಯನ್ನು ಸೆಮಿಫೈನಲಿಸ್ಟ್‌ಗಳೆಂದು ಘೋಷಿಸುತ್ತಾರೆ. ಸಂಸ್ಥೆಯೇ ಕೊಡುವ ಬಹುಮಾನ 2,500 ಡಾಲರ್, ಅದೂ ಒಂದೇ ಸಲ. ನಿಜವಾದ ಬೆಲೆ ಇರುವುದು ಸೆಮಿಫೈನಲಿಸ್ಟ್ ಆದ ಮೇಲೆ ಸಿಗುವ ಫೈನಲಿಸ್ಟ್ ಎಂಬ ಪಟ್ಟಕ್ಕೆ: ಅಲಬಾಮಾ, ಡಲ್ಲಾಸ್‌ನ ಟೆಕ್ಸಸ್ ವಿಶ್ವವಿದ್ಯಾಲಯ, ಟಲ್ಸಾ ವಿಶ್ವವಿದ್ಯಾಲಯ ಮುಂತಾದೆಡೆ ಆ ಪಟ್ಟವಿದ್ದವರಿಗೆ ಬೋಧನಾ ಶುಲ್ಕವಷ್ಟೇ ಅಲ್ಲದೆ ವಸತಿಯ ಖರ್ಚೂ ಉಳಿಯುವಂತಹ ಸೌಲಭ್ಯಗಳಿವೆ. ನ್ಯೂಜೆರ್ಸಿಯ ಗೆರೆ ದೇಶದಲ್ಲೇ ಅತಿ ಎತ್ತರದವುಗಳಲ್ಲಿ ಒಂದು. ಮಗಳ ಅಂಕ ಅದಕ್ಕಿಂತ ಸ್ವಲ್ಪ ಕೆಳಗೆ ನಿಂತಿತು. ಅದೇ ಅಂಕಕ್ಕೆ ಹಲವು ರಾಜ್ಯಗಳಲ್ಲಿ ಪಟ್ಟ ಸಿಗುತ್ತಿತ್ತು ಎಂದು ತಿಳಿದಾಗ ಅವಳಿಗೆ ಸಿಟ್ಟು ಬಂದದ್ದು ನ್ಯಾಯವೇ. ಆ ಬಾಗಿಲು ಮುಚ್ಚಿದ್ದರಿಂದ ಪಟ್ಟಿಯಲ್ಲಿ ಖಾತರಿಯ ಕಾಲೇಜುಗಳ ಸಂಖ್ಯೆಯನ್ನು ಹೆಚ್ಚಿಸಿದೆವು.

ಅಷ್ಟರಲ್ಲಿ ಪರಿಚಿತ ಕನ್ನಡ ಕುಟುಂಬವೊಂದರ ಪರಿಸ್ಥಿತಿ ನಮ್ಮದಕ್ಕಿಂತ ಬಿಗಿಯಾಗಿತ್ತು. ಭಾರತೀಯರ ಗ್ರೀನ್ ಕಾರ್ಡ್ ಸರತಿ ಎಷ್ಟು ಉದ್ದವೆಂದು ಗೊತ್ತೇ ಇದೆ. ಅವರ ಮಗ ಮೂರರ ವಯಸ್ಸಿನಿಂದ ಇಲ್ಲೇ ಬೆಳೆದಿದ್ದರೂ ಎಚ್-1ಬಿ ಉದ್ಯೋಗಿಗಳ ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿದ್ದ. ಫಾಫ್ಸಾ ಎಂಬ ಸರ್ಕಾರಿ ನೆರವಿನ ಅರ್ಜಿಯ ಮೂಲಕ ಸಿಗುವ ಫೆಡರಲ್ ಅನುದಾನ, ಸಾಲ ಎರಡೂ ಅವನಿಗೆ ಇಲ್ಲ, ಅನೇಕ ಕಾಲೇಜುಗಳು ಅವನನ್ನು ವಿದೇಶಿ ವಿದ್ಯಾರ್ಥಿಯೆಂದೇ ಎಣಿಸುತ್ತವೆ, ಮೇಲಾಗಿ 21 ತುಂಬುವಷ್ಟರಲ್ಲಿ ಅವಲಂಬಿತರ ವೀಸಾವೂ ಕೈತಪ್ಪುತ್ತದೆ. ಅಂತಹವರಿಗೆ ಪೌರತ್ವ ಕೇಳದೆ ಅಂಕ ನೋಡಿ ಕೊಡುವ ಕಾಲೇಜಿನ ಸ್ವಂತ ಸ್ಕಾಲರ್‌ಶಿಪ್ಪೇ ದೊಡ್ಡ ಆಧಾರ. ಅವರೂ ನಾವೂ ನಮ್ಮ ನಮ್ಮ ಪಟ್ಟಿಗಳನ್ನು ಹಂಚಿಕೊಳ್ಳುತ್ತಿದ್ದೆವು. ಪ್ರತಿ ಕಾಲೇಜಿಗೂ ‘ಎಚ್-4 ವಿದ್ಯಾರ್ಥಿ ಈ ಸ್ಕಾಲರ್‌ಶಿಪ್ಪಿಗೆ ಅರ್ಹನೇ’ ಎಂದು ಇಮೇಲಿನಲ್ಲಿ ಕೇಳಿ ಲಿಖಿತ ಉತ್ತರ ಪಡೆದಿಟ್ಟುಕೊಳ್ಳುವುದು ಅವರ ಕ್ರಮವಾಗಿತ್ತು. ಫೋನಿನಲ್ಲಿ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಲ್ಲಗಳೆಯುವ ಸಂಭವ ಇದ್ದೇ ಇರುತ್ತದೆ.

ನೆರವು ಸಿಗದೆಂದು ಗೊತ್ತಿದ್ದರೂ ಫಾಫ್ಸಾ ಅರ್ಜಿಯನ್ನು ನಾವೂ ತುಂಬಿದೆವು, ಏಕೆಂದರೆ ವಿದ್ಯಾರ್ಥಿಯ ಹೆಸರಿನಲ್ಲಿ ಸಿಗುವ ಫೆಡರಲ್ ಸಾಲಕ್ಕೆ ಅದು ಬೇಕು. ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ತೆರೆಯಬೇಕಾದ ಆ ಅರ್ಜಿ 2024ರಲ್ಲಿ ಪರೀಕ್ಷಾ ಹಂತಗಳನ್ನು ದಾಟಿ ಎಲ್ಲರಿಗೂ ಲಭ್ಯವಾದದ್ದು ನವೆಂಬರ್‌ನಲ್ಲಿ. ಲೆಕ್ಕಕ್ಕೆ ತೆಗೆದುಕೊಂಡದ್ದು 2023ರ ವರಮಾನ. ನಾವು ವಾಸಿಸುವ ಮನೆಯ ಬೆಲೆಯನ್ನು ಫಾಫ್ಸಾ ಕೇಳುವುದಿಲ್ಲ. ಆದರೆ ಬೇರೆ ಸ್ಥಿರಾಸ್ತಿಯನ್ನು ಕೇಳುತ್ತದೆ, ಅದು ಯಾವ ದೇಶದಲ್ಲಿದೆ ಎಂಬ ವಿನಾಯಿತಿ ಇಲ್ಲ. ಹಾಗಾಗಿ ಮೈಸೂರಿನಲ್ಲಿ ಎಂದೋ ಕೊಂಡಿಟ್ಟ 30×40ರ ಸೈಟು ಅಮೆರಿಕದ ಅರ್ಜಿಯಲ್ಲಿ ಕಾಣಿಸಿಕೊಂಡಿತು. ತಂದೆತಾಯಿಯ ಆಸ್ತಿಯ ಮೇಲೆ ಗರಿಷ್ಠ ಶೇ. 5.64ರಷ್ಟನ್ನು ಕುಟುಂಬದ ಶಕ್ತಿಯೆಂದು ಎಣಿಸುತ್ತಾರೆ. ಅಂದರೆ 1 ಲಕ್ಷ ಡಾಲರ್ ಬೆಲೆಯ ಸೈಟು ಪ್ರತಿವರ್ಷ 5,640 ಡಾಲರನ್ನು ಲೆಕ್ಕಕ್ಕೆ ಸೇರಿಸಬಹುದು. ಊರಿಗೆ ಕಳಿಸುವ ಹಣವನ್ನು ಕಳೆಯುವ ಅಂಕಣ ಮಾತ್ರ ಅರ್ಜಿಯಲ್ಲಿ ಎಲ್ಲೂ ಇಲ್ಲ. ಒಂದೇ ಸಮಯದಲ್ಲಿ ಇಬ್ಬರು ಮಕ್ಕಳು ಕಾಲೇಜಿನಲ್ಲಿದ್ದರೆ ಸಿಗುತ್ತಿದ್ದ ಅನುಕೂಲವನ್ನೂ 2024-25ರಿಂದ, ಕುಟುಂಬದ ಶಕ್ತಿಯನ್ನು ಅಳೆಯುವ ಎಸ್‌ಎಐ ಎಂಬ ಹೊಸ ಸೂತ್ರ ತೆಗೆದುಹಾಕಿದೆ.

ಮನೆಯೊಳಗಿನ ಕೆಲಸ ಇದಕ್ಕಿಂತ ಕಷ್ಟದ್ದು. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತವರೆಲ್ಲ ‘ಅರ್ಲಿ ಡಿಸಿಷನ್ ಎಲ್ಲಿಗೆ ಹಾಕಿದಿರಿ?’ ಎಂದೇ ಕೇಳುತ್ತಿದ್ದರು. ಅರ್ಲಿ ಡಿಸಿಷನ್‌ನಲ್ಲಿ ಪ್ರವೇಶ ಸಿಕ್ಕಿದರೆ ಅಲ್ಲಿಗೇ ಹೋಗುತ್ತೇವೆಂದು ಮೊದಲೇ ಸಹಿ ಮಾಡಿಕೊಡಬೇಕು. ಬೇರೆ ಕಾಲೇಜುಗಳ ರಿಯಾಯಿತಿಯನ್ನು ಹೋಲಿಸಿ ನೋಡುವ ಅವಕಾಶವನ್ನೇ ಬಿಟ್ಟುಕೊಟ್ಟಂತೆ. ಹಣ ಹೋಲಿಸಿ ನಿರ್ಧರಿಸುವವರಿಗೆ ಅದು ಹೇಳಿಸಿದ್ದಲ್ಲ. ಮಗಳು ನವೆಂಬರ್ 1ರ ಗಡುವಿನ ಅರ್ಲಿ ಆಕ್ಷನ್ ಅರ್ಜಿಗಳನ್ನೇ ಹಾಕಿದಳು. ಅದರಲ್ಲಿ ಬದ್ಧತೆ ಇಲ್ಲ, ಹಲವೆಡೆ ಸ್ಕಾಲರ್‌ಶಿಪ್ ಪರಿಗಣನೆಗೂ ಅದೇ ಗಡುವು. ಹೆಸರು ಕೇಳದ ಕಾಲೇಜಿನ ಪದವಿಗೆ ಬೆಲೆಯಿದೆಯೇ ಎಂಬ ಸಂದೇಹ ನನ್ನ ಪತಿಗೆ ಬಹಳ ದಿನ ಇತ್ತು. ಇಂಜಿನಿಯರಿಂಗ್ ಪದವಿಗಳಿಗೆ, ಅವುಗಳ ಗುಣಮಟ್ಟ ಪರಿಶೀಲಿಸುವ ಎಬಿಇಟಿ ಎಂಬ ಸಂಸ್ಥೆಯ ಮಾನ್ಯತೆ ಇದೆಯೇ ಎಂದು ಅದರ ಜಾಲತಾಣದಲ್ಲಿ ಒಂದೊಂದಾಗಿ ನೋಡಿ, ವೃತ್ತಿಪರ ಪರವಾನಗಿಗೆ ಬೇಕಾಗುವುದು ಆ ಮಾನ್ಯತೆಯೇ ಎಂದು ತಿಳಿದ ಮೇಲೆ ಅದು ಕರಗಿತು. ಅತ್ತೆಯವರಂತೂ ವಿಡಿಯೋ ಕರೆಯಲ್ಲಿ ಕಾಲೇಜುಗಳ ಹೆಸರು ಕೇಳಿ, ‘ಇವು ಯಾವುವೂ ಕೇಳಿದ ಹೆಸರಲ್ಲವಲ್ಲ, ಹಾಸ್ಟೆಲಿನಲ್ಲಿ ಅನ್ನ ಸಿಗುತ್ತದೆಯೇ?’ ಎಂದರು, ಎರಡನೆಯ ಪ್ರಶ್ನೆಗೆ ನಮ್ಮ ಬಳಿಯೂ ಉತ್ತರವಿರಲಿಲ್ಲ.

ಫೆಬ್ರುವರಿ ಮಾರ್ಚ್ ತಿಂಗಳುಗಳಲ್ಲಿ ನೆರವಿನ ಪತ್ರಗಳು ಬರತೊಡಗಿದವು. ಅವುಗಳನ್ನು ಓದುವುದೂ ಒಂದು ವಿದ್ಯೆ. ಒಂದು ಖಾಸಗಿ ವಿಶ್ವವಿದ್ಯಾಲಯದ ಪತ್ರದಲ್ಲಿ ಮೇಲ್ಗಡೆ ಮಗಳ ಹೆಸರು, ಬಣ್ಣದ ಪಟ್ಟಿ, ಅದರಡಿ ಡೀನ್ಸ್ ಸ್ಕಾಲರ್‌ಶಿಪ್ 24,000, ಅದರ ಕೆಳಗೆ ಅದೇ ಗಾತ್ರದ ಅಕ್ಷರದಲ್ಲಿ ಫೆಡರಲ್ ಡೈರೆಕ್ಟ್ ಅನ್‌ಸಬ್ಸಿಡೈಸ್ಡ್ ಲೋನ್ 5,500, ಕೊನೆಗೆ ದಪ್ಪಕ್ಷರದಲ್ಲಿ ‘ಒಟ್ಟು ನೆರವು 29,500’. ಮರಳಿ ಕಟ್ಟಬೇಕಾದ ಸಾಲವನ್ನು ಬಹುಮಾನದೊಂದಿಗೆ ಕೂಡಿಸಿ ತೋರಿಸುವ ಈ ಪರಿಪಾಠ ನನಗೆ ಇಂದಿಗೂ ಹಿಡಿಸುವುದಿಲ್ಲ. ವಸತಿ, ಊಟ, ಪುಸ್ತಕಗಳ ವೆಚ್ಚ ಆ ಪತ್ರದಲ್ಲಿ ಇರಲೇ ಇಲ್ಲ. ಹಾಗಾಗಿ ಪ್ರತಿ ಪತ್ರ ಬಂದಾಗಲೂ ಮಗಳು ಸಾಲವನ್ನು ತೆಗೆದುಹಾಕಿ, ಬಿಟ್ಟುಹೋದ ಖರ್ಚುಗಳನ್ನು ಕಾಲೇಜಿನ ಜಾಲತಾಣದಿಂದ ಹುಡುಕಿ ಸೇರಿಸಿ, ಪ್ರಯಾಣಕ್ಕೆ ಒಂದು ಅಂದಾಜು ಹಾಕಿ ರಟ್ಗರ್ಸ್‌ನ ಸಾಲಿನ ಕೆಳಗೆ ಬರೆಯುತ್ತಿದ್ದಳು.

ನಾಲ್ಕು ವರ್ಷದ ಲೆಕ್ಕ ಇನ್ನೊಂದು ಸಂಗತಿಯನ್ನು ಹೊರಗೆಡವಿತು. ಸ್ಕಾಲರ್‌ಶಿಪ್ಪಿನ ಮೊತ್ತ ಸಾಮಾನ್ಯವಾಗಿ ಸ್ಥಿರ, ಶುಲ್ಕ ಮಾತ್ರ ಪ್ರತಿವರ್ಷ ಏರುತ್ತದೆ. ವೆಚ್ಚ 60 ಸಾವಿರ, ಸ್ಕಾಲರ್‌ಶಿಪ್ 25 ಸಾವಿರ ಎಂದಿಟ್ಟುಕೊಂಡರೆ ಮೊದಲ ವರ್ಷ ನಮ್ಮ ಪಾಲು 35 ಸಾವಿರ. ವೆಚ್ಚ ವರ್ಷಕ್ಕೆ ಶೇ. 4ರಂತೆ ಏರಿದರೆ ನಾಲ್ಕನೆಯ ವರ್ಷ ನಮ್ಮ ಪಾಲು 42,500ರ ಹತ್ತಿರ ಹೋಗುತ್ತದೆ. ಏರಿಕೆ ಪೂರ್ತಿ ನಮ್ಮ ತಲೆಯ ಮೇಲೆಯೇ. ಶುಲ್ಕದ ಶೇಕಡಾವಾರು ರೂಪದಲ್ಲಿ ಅಥವಾ ಶುಲ್ಕಕ್ಕೆ ಸಮನಾಗಿ ಕೊಡುವ ಸ್ಕಾಲರ್‌ಶಿಪ್ಪಿನಲ್ಲಿ ಈ ತೊಂದರೆ ಕಡಿಮೆ. 2013ರಿಂದ ಬೋಧನಾ ಶುಲ್ಕವನ್ನು ಏರಿಸದೆ ಹಿಡಿದಿಟ್ಟ ಪರ್ಡ್ಯೂ ವಿಶ್ವವಿದ್ಯಾಲಯದ ಬಗ್ಗೆ ಇಂಡಿಯಾನಾದ ಸ್ನೇಹಿತರು ಹೆಮ್ಮೆಯಿಂದ ಮಾತನಾಡುತ್ತಿದ್ದುದು ಏಕೆಂದು ಆಗ ಅರ್ಥವಾಯಿತು. ಸ್ಕಾಲರ್‌ಶಿಪ್ ಮುಂದುವರಿಯಲು ಬೇಕಾದ ಜಿಪಿಎಯನ್ನೂ ನೋಡಿದೆವು. 3.0 ಕೇಳುವ ಕಡೆ ನೆಮ್ಮದಿ, 3.5 ಕೇಳುವ ಕಡೆ, ಮೊದಲ ವರ್ಷದ ರಸಾಯನಶಾಸ್ತ್ರ, ಕ್ಯಾಲ್ಕುಲಸ್ ಎರಡರಲ್ಲೂ ಮಗು ಎಡವಿದರೆ ಗತಿಯೇನು ಎಂದು ಯೋಚಿಸಬೇಕಾಯಿತು.

ಮಗಳಿಗೆ ಬಹಳ ಹಿಡಿಸಿದ ಓಹಿಯೋದ ಒಂದು ಕಾಲೇಜು ನಮ್ಮ ಮಿತಿಗಿಂತ ವರ್ಷಕ್ಕೆ ಸುಮಾರು 6 ಸಾವಿರ ಮೇಲಿತ್ತು. ಬೇರೆ ಕಾಲೇಜಿನ ಪತ್ರವನ್ನು ಲಗತ್ತಿಸಿ, ಆಕ್ಷೇಪಣೆಯ ಧ್ವನಿಯಿಲ್ಲದೆ, ಇಷ್ಟು ಇಳಿದರೆ ಸೇರುತ್ತೇನೆಂದು ಅವಳೇ ಮರುಪರಿಶೀಲನೆಯ ಮನವಿ ಬರೆದಳು. ಅವರು 3 ಸಾವಿರ ಹೆಚ್ಚಿಸಿದರು. ಕೇಳಿದರೆ ಸಿಗುತ್ತದೆ, ಆದರೆ ಬೇಕಾದಷ್ಟೇ ಸಿಗುತ್ತದೆ ಎನ್ನಲಾಗದು. ಉಳಿದ ಮೊತ್ತಕ್ಕೆ ಅವಳು ವಿದ್ಯಾರ್ಥಿ ಸಾಲ ತೆಗೆದುಕೊಳ್ಳಲು ಸಿದ್ಧಳಿದ್ದಳು. ಮೊದಲ ವರ್ಷ 5,500, ಎರಡನೆಯದರಲ್ಲಿ 6,500, ಮುಂದಿನೆರಡು ವರ್ಷ 7,500ರಂತೆ ಒಟ್ಟು 27 ಸಾವಿರ ಡಾಲರ್‌ವರೆಗೆ ಆ ಸಾಲ ಸಿಗುತ್ತದೆ. ಸ್ನಾತಕೋತ್ತರ ಪದವಿಯ ಯೋಚನೆಯಿರುವವಳಿಗೆ ಅದು ಬೇಡವೆಂದು ನಾವು ಹೇಳಿದೆವು, ಒಂದು ವಾರ ಮನೆಯಲ್ಲಿ ಮಾತು ಕಡಿಮೆಯಿತ್ತು.

ಕೊನೆಗೆ ಉಳಿದದ್ದು ರಟ್ಗರ್ಸ್ ಮತ್ತು ದಕ್ಷಿಣದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಹೆಚ್ಚು ಅಂಕ ಪಡೆದವರಿಗೆಂದೇ ಇರುವ ಆನರ್ಸ್ ಕಾಲೇಜು. ರಟ್ಗರ್ಸ್ ಯಾವ ದೃಷ್ಟಿಯಿಂದಲೂ ಕಡಿಮೆಯದಲ್ಲ, ಅಲ್ಲಿಗೆ ಹೋಗಿದ್ದರೂ ನಾನು ಸಂತೋಷದಿಂದಲೇ ಕಳಿಸುತ್ತಿದ್ದೆ. ಆದರೆ ದಕ್ಷಿಣದ ಆ ಕಾಲೇಜಿನ ವೆಚ್ಚ ವಿಮಾನದ ಟಿಕೇಟು ಸೇರಿಸಿದರೂ ವರ್ಷಕ್ಕೆ ಸುಮಾರು 9 ಸಾವಿರ ಡಾಲರ್ ಕಡಿಮೆ ಬಂತು. ಭೇಟಿ ಕೊಟ್ಟಾಗ ಪ್ರಾಧ್ಯಾಪಕಿಯೊಬ್ಬರು ತಮ್ಮ ಪ್ರಯೋಗಾಲಯದಲ್ಲಿ ಕೊಳಚೆ ನೀರಿನ ಪುಟ್ಟ ಟ್ಯಾಂಕುಗಳನ್ನು ತೋರಿಸಿ, ಮೊದಲ ವರ್ಷದ ಆನರ್ಸ್ ವಿದ್ಯಾರ್ಥಿಗಳೂ ಇಲ್ಲಿ ಕೆಲಸ ಮಾಡಬಹುದು ಎಂದರು. ಟ್ಯಾಂಕಿನ ಅಂಚಿನಲ್ಲಿ ಕಟ್ಟಿದ್ದ ನೊರೆಯನ್ನು ಕಂಡು ಮಗಳು ಸಾಬೂನಿನ ಅಂಶ, ರಂಜಕ ಎಂದೇನೋ ಕೇಳತೊಡಗಿದಳು, ಪ್ರವಾಸದ ಉಳಿದ ಗುಂಪು ಮುಂದೆ ಹೋಗಿಬಿಟ್ಟಿತು. ಮೇ 1ರ ಗಡುವಿಗೆ ಮುಂಚೆಯೇ ಠೇವಣಿ ಕಟ್ಟಿದೆವು.

ಈಗ ಮಗನ ಸರದಿ ಹತ್ತಿರ ಬರುತ್ತಿದೆ. ಸ್ಪ್ರೆಡ್‌ಶೀಟು ಸಿದ್ಧವಿದೆ, ಎಚ್2ಎ ಅಂಕಣವನ್ನು ಹೊಸ ವರ್ಷದ ಸಂಖ್ಯೆಗಳಿಂದ ತುಂಬುತ್ತಿದ್ದೇನೆ. 2025ರಲ್ಲಿ ಬಂದ ಕಾನೂನಿನ ಪ್ರಕಾರ ಪೋಷಕರು ತೆಗೆದುಕೊಳ್ಳುವ ಪ್ಲಸ್ ಸಾಲಕ್ಕೆ 2026ರ ಜುಲೈಯಿಂದ ಮಗುವೊಂದಕ್ಕೆ ವರ್ಷಕ್ಕೆ 20 ಸಾವಿರ, ಒಟ್ಟು 65 ಸಾವಿರ ಡಾಲರ್ ಮಿತಿ ಬರುವುದರಿಂದ, ಹೇಗೋ ಸಾಲ ಮಾಡಿ ಸೇರಿಸಿದರಾಯಿತು ಎನ್ನುತ್ತಿದ್ದ ಮನೆಗಳೂ ಈ ಲೆಕ್ಕವನ್ನು ಮುಂಚೆಯೇ ಹಾಕಬೇಕಾಗುತ್ತದೆ. ಅವನಿಗೆ ಇಷ್ಟವಾದದ್ದು ಕಂಪ್ಯೂಟರ್ ಸೈನ್ಸ್. ಆ ವಿಭಾಗಕ್ಕೆ ನೇರ ಪ್ರವೇಶ ಬೇರೆ, ವಿಶ್ವವಿದ್ಯಾಲಯಕ್ಕೆ ಪ್ರವೇಶ ಬೇರೆ ಇರುವ ಕಾಲೇಜುಗಳು ಅನೇಕ ಇರುವುದರಿಂದ ಪಟ್ಟಿಗೆ ಹೊಸದೊಂದು ಅಂಕಣ ಸೇರಿದೆ.